ಎಂಟನೇ ಪಕ್ಕೆಲುಬು

ಆಷಾಢದ ಮಳೆಗೆ ನಮ್ಮ ಅಂಗಳ ಪಾಚಿಗಟ್ಟುತ್ತದೆ. ದಾಟುವುದಕ್ಕೆಂದೇ ಅಡಿಕೆ ದಬ್ಬೆ ಹಾಸಿರುತ್ತೇವೆ. ಅವತ್ತು ಅವಸರಕ್ಕೆ ಅದನ್ನು ಬಿಟ್ಟು ಕಾಲಿಟ್ಟೆ. ಜಾರಿದ್ದು ಗೊತ್ತಾಗುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಂಚು ಬಲಪಕ್ಕೆಗೆ ಬಡಿದಾಗಿತ್ತು. ಹದಿನಾಲ್ಕು ವರ್ಷದಿಂದ ಶಿರಸಿ ಸೀಮೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಅಡಿಕೆ ಕೊನೆ ಕೊಯ್ಯಲು ಹತ್ತಿ ಮರದಿಂದ ಬಿದ್ದ ಕೊನೆಗೌಡರ ಪಕ್ಕೆ ಮುಟ್ಟಿ ನೋಡಿದ್ದಕ್ಕೆ ಲೆಕ್ಕವಿಲ್ಲ. ನನ್ನದನ್ನೇ ಎಣಿಸಿಕೊಂಡದ್ದು ಅದೇ ಮೊದಲು.

ಎಣಿಸುವುದನ್ನು ಮೇಲಿನಿಂದಲೇ ಶುರು ಮಾಡಬೇಕು. ಗಂಟಲ ಕೆಳಗಿನ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಸುಮಾರು 5 ಸೆಂ.ಮೀ. ಇಳಿಸಿದರೆ ಅಡ್ಡಕ್ಕೊಂದು ಏಣು ತಾಗುತ್ತದೆ. ಅಲ್ಲಿ ಪಕ್ಕದಿಂದ ಬಂದು ಸೇರುವುದು ಎರಡನೇ ಪಕ್ಕೆಲುಬು. ಒಂದನೆಯದು ಕೊರಳೆಲುಬಿನ ಮರೆಯಲ್ಲಿರುತ್ತದೆ, ಅದನ್ನು ಹುಡುಕುವ ಗೋಜು ಬೇಡ. ಒಟ್ಟು 12 ಜೊತೆ. ಏಳರವರೆಗಿನವು ತಮ್ಮದೇ ಮೃದ್ವಸ್ಥಿಯಿಂದ ನೇರ ಎದೆಮೂಳೆಗೆ ಕೂಡುತ್ತವೆ. 8, 9, 10 ಮೇಲಿನವರ ಹೆಗಲ ಮೇಲೆ ಕೈ ಹಾಕಿದ ಹಾಗೆ ಮೇಲಿನ ಮೃದ್ವಸ್ಥಿಗೆ ಅಂಟಿಕೊಳ್ಳುತ್ತವೆ. ಕೊನೆಯ ಎರಡರ ತುದಿ ಸ್ನಾಯುವಿನೊಳಗೇ ಮುಗಿಯುತ್ತದೆ.

ನನ್ನ ಬೆರಳು ಎಂಟಕ್ಕೆ ಬಂದಾಗ ಜೀವ ಹೋದ ಹಾಗಾಯಿತು. ಎದೆಮೂಳೆಯನ್ನು ಮೆಲ್ಲಗೆ ಒತ್ತಿದರೂ ನೋವು ಅಲ್ಲೇ ಬಲಪಕ್ಕೆಯಲ್ಲಿ. ಬಿರುಕು ಬಿಟ್ಟ ಗಾಜಿನ ಬಳೆಯನ್ನು ಎಲ್ಲಿ ಅದುಮಿದರೂ ಬಿರುಕಿದ್ದ ಕಡೆಯೇ ಬಾಯಿ ಬಿಡುತ್ತದಲ್ಲ, ಹಾಗೆ. ಎಕ್ಸ್‌ರೇಯಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಮೂಳೆ ಜಾಗ ಬಿಟ್ಟು ಸರಿಯದ ಬಿರುಕುಗಳು ಎಷ್ಟೋ ಸಲ ಕಾಣುವುದೇ ಇಲ್ಲ. ಆ ಎಲುಬುಗಳ ಹಿಂದೆ ಲಿವರ್ ಇರುವುದರಿಂದ ಹೊಟ್ಟೆಯ ಸ್ಕ್ಯಾನ್ ಮಾತ್ರ ಬಿಡದೆ ಮಾಡಿಸಿದೆ. ಪುಣ್ಯಕ್ಕೆ ಅಲ್ಲಿ ಏನೂ ಆಗಿರಲಿಲ್ಲ.

ಮನೆಗೆ ಬಂದರೆ ಅತ್ತೆ ಹಳೇ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ನಿಂತಿದ್ದರು. "ಬಿಗಿಯಾಗಿ ಕಟ್ಟಿಕೊಳ್ಳೇ, ಅಲ್ಲಾಡದೇ ಇದ್ರೆ ಬೇಗ ಕೂಡ್ತದೆ." ಕೈ ಮುರಿದರೆ ಆ ಮಾತು ಸರಿ. ಪಕ್ಕೆಲುಬಿಗೆ ಸಲ್ಲುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ಕೊನೆಗೌಡರಿಗೆ ಬೆಲ್ಟ್ ಬಿಗಿದು ಕಳಿಸಿದ್ದೆ. ನೋವು ಕಡಿಮೆ ಎಂದು ಅವರಿಗೂ ಖುಷಿ. ಐದನೇ ದಿನ ಜ್ವರ, ಕಫ. ನ್ಯುಮೋನಿಯಾ ಆಗಿ ಅಡ್ಮಿಟ್ ಆದರು. ಎದೆ ಅರಳದಿದ್ದರೆ ಶ್ವಾಸಕೋಶದ ತಳ ಮುದುಡಿ ಕಫ ಅಲ್ಲೇ ಕೂರುತ್ತದೆ ಎನ್ನುವುದನ್ನು ಪರೀಕ್ಷೆಗಾಗಿ ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಎದೆಗೂಡು ಎನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಒಳಗಿನ ಜೀವವನ್ನು ಕಾಯುವ ಪೆಟ್ಟಿಗೆ ಎಂದುಕೊಳ್ಳುತ್ತೇವೆ. ಕಾಯುತ್ತದೆ, ನಿಜ. ಆದರೆ ಪ್ರತಿ ಪಕ್ಕೆಲುಬೂ ಹಿಂದೆ ಬೆನ್ನುಮೂಳೆಯ ಜೊತೆ ಕೀಲು ಹಾಕಿಕೊಂಡಿದೆ, ಆಡುತ್ತಲೇ ಇರುತ್ತದೆ. ಉಸಿರೆಳೆದಾಗ ಮೇಲಿನವು ಬೋರ್‌ವೆಲ್ ಪಂಪಿನ ಹಿಡಿಯಂತೆ ಮುಂದಕ್ಕೆ ಏಳುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿ ಎತ್ತಿದ ಹಾಗೆ ಪಕ್ಕಕ್ಕೆ. ಜೊತೆಗೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ವಪೆ, ಕೆಳಗಿಳಿಯುತ್ತದೆ. ತಾನಾಗಿ ಹಿಗ್ಗಲು ಶ್ವಾಸಕೋಶಕ್ಕೆ ಸ್ನಾಯುವೇ ಇಲ್ಲ. ಎದೆಯ ಗೋಡೆ ಹೋದಲ್ಲಿಗೆ ಅದೂ ಹೋಗುತ್ತದೆ. ನಿಮಿಷಕ್ಕೆ 15 ಎಂದರೂ ದಿನಕ್ಕೆ 21,600 ಉಸಿರು, ಯೋಗದವರು ಹೇಳುವುದೂ ಅದೇ ಲೆಕ್ಕ. ಅಷ್ಟು ಸಲ ಅಲ್ಲಾಡುತ್ತಲೇ ಮೂಳೆ ಕೂಡಬೇಕು, ಕೂಡುತ್ತದೆ ಕೂಡ.

ಸೀರೆಯನ್ನು ಅತ್ತೆಯಿಂದ ಇಸಿದುಕೊಂಡೆ. ಕಟ್ಟಲಿಲ್ಲ, ಸುತ್ತಿ ದಿಂಬು ಮಾಡಿದೆ. ಕೆಮ್ಮು ಬಂದಾಗ ಅದನ್ನು ಪಕ್ಕೆಗೆ ಅವುಚಿಕೊಂಡೇ ಕೆಮ್ಮುತ್ತಿದ್ದೆ. ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದೆ. ನೋವು ತಡೆದುಕೊಳ್ಳುತ್ತೇನೆ ಎನ್ನುವ ಗಟ್ಟಿಗರು ಅರ್ಧ ಉಸಿರು ಎಳೆದು ಕೆಡುತ್ತಾರೆ. ಎಚ್ಚರವಿರುವಾಗ ಗಂಟೆಗೊಮ್ಮೆ ಎರಡೂ ಅಂಗೈಯನ್ನು ಕೆಳಪಕ್ಕೆಗಳ ಮೇಲಿಟ್ಟು, ಮೂಗಿನಿಂದ ಎಳೆದ ಉಸಿರು ಕೈಯನ್ನು ಹೊರಕ್ಕೆ ತಳ್ಳುತ್ತದೆಯೇ ಎಂದು ನೋಡುತ್ತಿದ್ದೆ. ಮೊದಲ ವಾರ ಎಡಗೈ ಸರಿಯುತ್ತಿತ್ತು, ಬಲಗೈ ಇದ್ದಲ್ಲೇ. ಉಸಿರೆಳೆದು ಚೆಂಡು ಏಳಿಸುವ ಮೂರು ಚೆಂಡಿನ ಸ್ಪೈರೋಮೀಟರಿನಲ್ಲಿ ಒಂದು ಚೆಂಡಷ್ಟೇ ಏಳುತ್ತಿತ್ತು. ರೋಗಿಗಳಿಗೆ "ಇನ್ನೂ ಎಳೀರಿ, ಇನ್ನೂ" ಎಂದು ಗದರುತ್ತಿದ್ದವಳಿಗೆ ಆಗ ನಾಚಿಕೆಯಾಯಿತು. ಟೇಪು ಸುತ್ತಿ ಅಳೆದರೆ ಎದೆ 2 ಸೆಂ.ಮೀ. ಮಾತ್ರ ಅರಳುತ್ತಿತ್ತು. ಆರನೇ ವಾರಕ್ಕೆ ನಾಲ್ಕೂವರೆಗೆ ಬಂತು. ಅಷ್ಟರಲ್ಲಿ ಸೀನು ಬಂದರೆ ಗೋಡೆ ಹಿಡಿದು ನಿಲ್ಲುವುದೂ ತಪ್ಪಿತ್ತು.

ಇದೆಲ್ಲ ಒಂದು ಬಿರುಕಿನ ಮಾತು. ಸಾಲಾಗಿ ಮೂರೋ ನಾಲ್ಕೋ ಎಲುಬು ಎರಡೆರಡು ಕಡೆ ಮುರಿದರೆ ಆ ತುಂಡು ಉಸಿರೆಳೆದಾಗ ಹೊರಗೆ ಬರುವ ಬದಲು ಒಳಕ್ಕೆ ಹೋಗುತ್ತದೆ. ತೋಟದಿಂದ ಎತ್ತಿಕೊಂಡು ಬರುವವರು ಅದನ್ನು ಕಂಡರೆ ನನ್ನ ಹತ್ತಿರ ಬರಬಾರದು, ನೇರ ದೊಡ್ಡಾಸ್ಪತ್ರೆ.

ನನ್ನ ಎಂಟನೆಯದರ ಮೇಲೆ ಈಗ ಪುಟ್ಟದೊಂದು ಗಂಟಿದೆ. ಕಲಿಯಲು ಬರುವ ಹುಡುಗಿಯರಿಗೆ ಎಣಿಸಲು ನನ್ನ ಪಕ್ಕೆಯನ್ನೇ ಕೊಡುತ್ತೇನೆ. ಗಂಟು ಎಷ್ಟನೆಯದರ ಮೇಲಿದೆ ಎಂದು ಕೇಳುತ್ತೇನೆ. ಹನ್ನೆರಡನೆಯದು ಬೆರಳಿಗೆ ಸಿಗದೆ, ಹನ್ನೊಂದನ್ನೇ ಹನ್ನೆರಡು ಅಂದುಕೊಂಡು ಕೆಳಗಿನಿಂದ ಎಣಿಸಿದವರು "ಒಂಬತ್ತು, ಮೇಡಂ" ಅನ್ನುತ್ತಾರೆ.