ಜಾಹೀರಾತು ಏಜೆನ್ಸಿಯಲ್ಲಿ ಇಂಟರ್ನ್‌ಶಿಪ್: ಬ್ರೀಫ್‌ನಿಂದ ಬಿಲ್ಲಿನವರೆಗೆ

ಇಂಟರ್ನ್‌ಶಿಪ್ ಎಂದೊಡನೆ ಕರಾವಳಿಯ ವಿದ್ಯಾರ್ಥಿಗಳು ಬೆಂಗಳೂರಿನತ್ತ ನೋಡುತ್ತಾರೆ. ಆದರೆ ಜಾಹೀರಾತಿನ ಕೆಲಸ ಕಲಿಯಲು ಮಂಗಳೂರು, ಉಡುಪಿಯ ಸಣ್ಣ ಏಜೆನ್ಸಿಯೇ ಮೇಲು. ಜಾಹೀರಾತು ಕೊಡುವ ಚಿನ್ನದಂಗಡಿಯವರಂಥ ಕ್ಲೈಂಟ್ ತಮಗೇನು ಬೇಕೆಂದು ಹೇಳುವ ಬ್ರೀಫ್, ಕಾಪಿ ಅಂದರೆ ಜಾಹೀರಾತಿನ ಬರಹ, ವಿನ್ಯಾಸ, ಬಿಲ್ಲು ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುವುದರಿಂದ ಒಂದು ಜಾಹೀರಾತನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಬಹುದು. ಆಸಕ್ತಿ ಬೆಳೆಯುವುದೂ ಹಾಗೆಯೇ. ಏಜೆನ್ಸಿ ಸಿಗದಿದ್ದರೆ ಮಣಿಪಾಲದ ಉದಯವಾಣಿಯಂಥ ಪತ್ರಿಕೆಗಳ ಜಾಹೀರಾತು ವಿಭಾಗ, ಎಫ್‌ಎಂ ಕೇಂದ್ರ, ಆಸ್ಪತ್ರೆಗಳ ಪ್ರಚಾರ ವಿಭಾಗದಲ್ಲಿ ಕೇಳಿ. ನವರಾತ್ರಿಯಿಂದ ದೀಪಾವಳಿವರೆಗೆ ಕೆಲಸ ಹೆಚ್ಚು. ಆಟಿ ತಿಂಗಳಲ್ಲೇ (ಜುಲೈ–ಆಗಸ್ಟ್) ವಿಚಾರಿಸಿದರೆ ಆ ಹೊತ್ತಿಗೆ ಒಳಗಿರುತ್ತೀರಿ. ಭತ್ಯೆ, ಅವಧಿ, ಪ್ರಮಾಣಪತ್ರದ ವಿಷಯ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಬಯೋಡೇಟಾಕ್ಕಿಂತ ಮೂರು ಮಾದರಿಗಳು ಹೆಚ್ಚು ಹೇಳುತ್ತವೆ. ನಿಮ್ಮೂರಿನ ಒಂದೇ ಅಂಗಡಿಗೆ ಕಾಲು ಪುಟದ ಪತ್ರಿಕಾ ಜಾಹೀರಾತು, 20 ಸೆಕೆಂಡಿನ ರೇಡಿಯೋ ಸ್ಕ್ರಿಪ್ಟ್, ಒಂದು ಹೋರ್ಡಿಂಗ್ ಮಾಡಿ. ಇಪ್ಪತ್ತು ಸೆಕೆಂಡಿಗೆ 35–40 ಕನ್ನಡ ಪದಗಳಿಗಿಂತ ಹೆಚ್ಚು ಹಿಡಿಸದು. ಫೋನ್ ನಂಬರನ್ನು ಓದಲೇ ನಾಲ್ಕೈದು ಸೆಕೆಂಡು ಬೇಕು. ಬದಲಿಗೆ ಅಂಗಡಿ ಇರುವ ಜಾಗ ಹೇಳಿಸಿ. ಹೆದ್ದಾರಿ 66ರಲ್ಲಿ ಬಸ್ಸಿನ ಕಿಟಕಿಯಿಂದ ಓದಬೇಕಾದ ಹೋರ್ಡಿಂಗ್‌ಗೆ ಆರೇಳು ಪದ ಸಾಕು.

ಸೇರಿದ ಮೇಲೆ ಇಂಟರ್ನ್‌ಗೆ ಮೊದಲು ಸಿಗುವುದು ಪ್ರೂಫ್ ನೋಡುವ ಕೆಲಸ. ಇದನ್ನು ಚಿಲ್ಲರೆ ಕೆಲಸ ಎಂದುಕೊಳ್ಳಬೇಡಿ, ಕನ್ನಡ ಜಾಹೀರಾತು ಹೆಚ್ಚಾಗಿ ಕೆಡುವುದು ಇಲ್ಲೇ. ಕ್ಲೈಂಟ್ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಮ್ಯಾಟರ್ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರ್ ಓದಬಲ್ಲ ಸಂಕೇತದಲ್ಲಿರುತ್ತದೆ. ಡಿಸೈನರ್ ನುಡಿ ತಂತ್ರಾಂಶದ ಹಳೆಯ ಫಾಂಟ್ ಬಳಸುತ್ತಿದ್ದರೆ ಅದನ್ನು ಪರಿವರ್ತಿಸಬೇಕು. ಆಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಕಳಚುತ್ತದೆ, ರೂಪಾಯಿ ಚಿಹ್ನೆ ಇದ್ದಲ್ಲಿ ಖಾಲಿ ಚೌಕ ಬರುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಯೂನಿಕೋಡ್ ಅಕ್ಷರ ಒಡೆದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಆಗಿದೆಯೇ ನೋಡಿ. ಸಾಲುಗಳ ಅಂತರ ಅಕ್ಷರದ ಗಾತ್ರದ ಸುಮಾರು ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ತುಳು ಸಾಲಿದ್ದರೆ ಮಂಗಳೂರಿನ ಕಡೆಯ ಒಬ್ಬರಿಂದಲೂ ಉಡುಪಿಯ ಕಡೆಯ ಒಬ್ಬರಿಂದಲೂ ಓದಿಸಿ, ಮಾತಿನ ವ್ಯತ್ಯಾಸ ಇಬ್ಬರ ಕಿವಿಗೂ ಬೇರೆ ಬೇರೆಯಾಗಿ ತಟ್ಟುತ್ತದೆ. ಎಲ್ಲ ಒಪ್ಪಿಗೆಯಾದ ಮೇಲೆ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಫಾಂಟ್ ಬೇಡದ ಆಕೃತಿಗಳಾಗಿ ಬದಲಿಸಿ. ಕರ್ವ್ ಮಾಡಿದ ಫೈಲಿನಲ್ಲಿ ಮತ್ತೆ ತಿದ್ದಲಾಗದು, ಮೂಲ ಪ್ರತಿ ಪ್ರತ್ಯೇಕ ಇಡಿ. ಆಮೇಲೂ ದಿನಾಂಕ, ವಾರ, ಫೋನ್ ನಂಬರ್ ಮೂರನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿ.

ಪತ್ರಿಕೆಗೆ ಕೊಡುವ ಫೈಲು ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣಕ್ರಮ), 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಇರಲಿ. ಸಣ್ಣ ಅಕ್ಷರ ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ ಅಚ್ಚಿನಲ್ಲಿ ಬಣ್ಣಗಳು ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬರುತ್ತದೆ. 20×10 ಅಡಿಯ ಹೋರ್ಡಿಂಗನ್ನು ಹತ್ತರಲ್ಲೊಂದು ಅಳತೆಯಲ್ಲಿ, ಅಂದರೆ 24×12 ಇಂಚಿನಲ್ಲಿ 300 ಡಿಪಿಐಗೆ ಮಾಡಿದರೆ ದೂರದಿಂದ ನೋಡಲು ಸಾಕು.

‘ಜಿಲ್ಲೆಗೇ ನಂಬರ್ 1’, ‘ಶೇ. 100 ಗುಣ’ ಎಂಬ ಸಾಲು ಕಂಡರೆ ಕ್ಲೈಂಟ್‌ನಿಂದ ಆಧಾರ ಕೇಳಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಅಂಗಡಿಯ ನಾಮಫಲಕದ ಕೆಲಸ ಬಂದರೆ ಶೇ. 60 ಭಾಗ ಕನ್ನಡದಲ್ಲಿರಬೇಕು ಎಂಬುದು ನೆನಪಿರಲಿ.

ಪತ್ರಿಕೆಯ ಜಾಗದ ಲೆಕ್ಕ ಸುಲಭ: 16 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರವಾದರೆ 320 ಚದರ ಸೆಂ.ಮೀ.; ಅದನ್ನು ಚದರ ಸೆಂ.ಮೀ. ದರದಿಂದ ಗುಣಿಸಿ ಶೇ. 5 ಜಿಎಸ್‌ಟಿ ಸೇರಿಸಿ. ರೇಡಿಯೋಗೆ ಅದು ಶೇ. 18. ಜಾಹೀರಾತು ಬಂದ ಬೆಳಿಗ್ಗೆ ಅಚ್ಚಾದ ಪುಟವನ್ನು ಆರ್ಟ್‌ವರ್ಕ್ ಪಕ್ಕ ಇಟ್ಟು ಅಳತೆ, ಬಣ್ಣ, ಪುಟ ಸಂಖ್ಯೆ ತಾಳೆ ಹಾಕಿ. ಎರಡು ಪ್ರತಿ ತೆಗೆದಿಡಿ: ಒಂದು ಬಿಲ್ಲಿಗೆ ಲಗತ್ತಿಸಲು, ಇನ್ನೊಂದು ನಿಮ್ಮ ಫೈಲಿಗೆ.