‘ಇಗ್ನೋರ್’ ಪದವನ್ನು ಸರಿಯಾಗಿ ಬಳಸುವುದು ಹೇಗೆ?

‘ಆಕಿ ನನಗ ಇಗ್ನೋರ್ ಮಾಡಾಕತ್ತಾಳ’, ‘ಅಂವ ಅಂದದ್ದು ಇಗ್ನೋರ್ ಮಾಡಲೇ’. ಬೆಳಗಾವಿಯ ಯಾವ ಕಾಲೇಜಿನ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಕನ್ನಡದ ನಡುವೆ ಈ ಶಬ್ದ ಆರಾಮಾಗಿ ಕೂತಿದೆ. ಆದರೆ ಅದೇ ಹುಡುಗರು ಇಂಗ್ಲಿಷಿನಲ್ಲಿ ಅರ್ಜಿ, ಮೆಸೇಜ್ ಬರೆಯಲು ಕೂತಾಗ ಅದು ಕೈ ಕೊಡುತ್ತದೆ. ಕೆಲಸಕ್ಕೆ ಅರ್ಜಿ ಹಾಕಿದವನೊಬ್ಬ ‘ಸಾರಿ ಸರ್, ಐ ಇಗ್ನೋರ್ಡ್ ಯುವರ್ ಕಾಲ್’ ಎಂದು ಕಳಿಸಿದ ಅಂದುಕೊಳ್ಳಿ. ಅವನ ಮನಸ್ಸಿನಲ್ಲಿದ್ದದ್ದು ‘ಫೋನ್ ಬಂದದ್ದು ಗೊತ್ತಾಗಲಿಲ್ಲ’ ಅಂತ. ಓದಿದವರಿಗೆ ತಿಳಿಯುವುದು ‘ಫೋನ್ ಬಂದದ್ದು ಗೊತ್ತಿತ್ತು, ಬೇಕಂತಲೇ ಎತ್ತಲಿಲ್ಲ’ ಅಂತ. ಒಂದು ಕ್ರಿಯಾಪದದಿಂದ ಕೆಲಸವೇ ಕೈತಪ್ಪಬಹುದು ಅಲ್ವಾ? ಹಾಗಾಗಿ ಈ ಶಬ್ದವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಹೆಜ್ಜೆ: ‘ಗೊತ್ತಿತ್ತಾ?’ ಎಂದು ಕೇಳಿಕೊಳ್ಳಿ

ಇಗ್ನೋರ್ ಅಂದರೆ ಕಂಡೂ, ಕೇಳಿಯೂ, ಗೊತ್ತಿದ್ದೂ ಲಕ್ಷ್ಯ ಕೊಡದೆ ಇರುವುದು. ನಮ್ಮ ಕಡೆ ‘ನೋಡಿ ನೋಡದಂಗ ಹೋದ’ ಅಂತೀವಲ್ಲ, ಪಕ್ಕಾ ಅದೇ. ಚೆನ್ನಮ್ಮ ಸರ್ಕಲ್ಲಿನಲ್ಲಿ ಗೆಳೆಯ ನಿಮ್ಮನ್ನು ನೋಡಿ ಮುಖ ತಿರುಗಿಸಿದರೆ ‘ಹೀ ಇಗ್ನೋರ್ಡ್ ಮೀ’. ಅವನು ನಿಮ್ಮನ್ನು ನೋಡೇ ಇಲ್ಲ ಅಂದರೆ ‘ಹೀ ಡಿಡಂಟ್ ನೋಟಿಸ್ ಮೀ’. ಫೋನ್ ಎತ್ತುವುದು ತಪ್ಪಿಹೋದರೆ ‘ಐ ಮಿಸ್ಡ್ ಯುವರ್ ಕಾಲ್’. ಗೊತ್ತಿರಲಿಲ್ಲ ಅನ್ನುವ ಕಡೆ ಇಗ್ನೋರ್ ಬರುವಂತಿಲ್ಲ.

ವಿಶೇಷವೆಂದರೆ, ಈ ಶಬ್ದದ ಮೊದಲಿನ ಅರ್ಥ ಪೂರ್ತಿ ಉಲ್ಟಾ ಇತ್ತು. ಲ್ಯಾಟಿನ್ನಿನ ‘ಇಗ್ನೊರಾರೆ’ ಅಂದರೆ ಗೊತ್ತಿಲ್ಲದಿರುವುದು. ಫ್ರೆಂಚ್ ದಾರಿಯಿಂದ ಇಂಗ್ಲಿಷಿಗೆ ಬಂದಾಗಲೂ ಅದೇ ಅರ್ಥ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ, ವಿಜ್ಞಾನಿ ಬಾಯ್ಲ್ ಈ ಶಬ್ದ ತರಲು ನೋಡಿದರು, ಆದರೆ ಜನ ಒಪ್ಪಿಕೊಂಡಿಲ್ಲ ಎಂದು ಬರೆದಿದ್ದಾರೆ. ‘ಲಕ್ಷ್ಯ ಕೊಡದಿರು’ ಎಂಬ ಈಗಿನ ಅರ್ಥ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಫ್ರೆಂಚರು ಇವತ್ತಿಗೂ ‘ನನಗೆ ಗೊತ್ತಿಲ್ಲ’ ಅನ್ನಲು ಇದೇ ಕ್ರಿಯಾಪದ ಬಳಸುತ್ತಾರೆ. ಇನ್ನೂ ಖುಷಿಯ ಮಾತೆಂದರೆ, ಇದರೊಳಗಿನ ‘ಗ್ನೊ’ ಮತ್ತು ನಮ್ಮ ‘ಜ್ಞಾನ’ದ ‘ಜ್ಞಾ’ ಒಂದೇ ಬೇರಿನವು. ಇಗ್ನೊರನ್ಸ್ ಮತ್ತು ಅಜ್ಞಾನ ದೂರದ ಬಳಗ.

ಎರಡನೇ ಹೆಜ್ಜೆ: ನಡುವೆ ‘ಟು’ ಹಾಕಬೇಡಿ

ನಮ್ಮ ಭಾಗದವರು ಎಡವುವುದು ಇಲ್ಲೇ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಪುಸ್ತಕದ ಕನ್ನಡದಲ್ಲಿ ‘ನನ್ನನ್ನು ಕರೆದರು’ ಅಂತಿದ್ದರೆ ನಾವು ‘ನನಗ ಕರದ್ರು’ ಅಂತೀವಿ. ‘ಅವನನ್ನು ಹೊಡೆದ’ ಅನ್ನುವಲ್ಲಿ ‘ಅವಂಗ ಹೊಡದ’. ಇಗ್ನೋರ್ ಕೂಡ ‘ನನಗ ಇಗ್ನೋರ್ ಮಾಡಿದ’ ಎಂದೇ ಬಾಯಿಗೆ ಬರುತ್ತದೆ. ಆ ‘ಗ’ ಇಂಗ್ಲಿಷಿಗೆ ಹೋದಾಗ ‘ಟು’ ಆಗುತ್ತದೆ: ‘ಹೀ ಇಗ್ನೋರ್ಡ್ ಟು ಮೀ’. ಬೆಳಗಾವಿಯಲ್ಲಿ ಮನೆಮಾತು ಮರಾಠಿ ಇದ್ದವರಿಗೂ ಇದೇ ಪೇಚು. ಮರಾಠಿಯಲ್ಲಿ ‘ಮಾಝ್ಯಾಕಡೇ ದುರ್ಲಕ್ಷ’ ಅಂದರೆ ‘ನನ್ನ ಕಡೆಗೆ’ ದುರ್ಲಕ್ಷ್ಯ.

ನಮ್ಮ ಆಡುಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಇಗ್ನೋರ್ ಆದಮೇಲೆ ನೇರವಾಗಿ ವ್ಯಕ್ತಿ ಅಥವಾ ವಿಷಯ ಬರಬೇಕು. ‘ಇಗ್ನೋರ್ ಮೀ’, ‘ಇಗ್ನೋರ್ ದ ನಾಯ್ಸ್’, ‘ಇಗ್ನೋರ್ ಹಿಸ್ ವರ್ಡ್ಸ್’. ಟು, ಅಬೌಟ್, ಫಾರ್ ಯಾವುದೂ ಬೇಡ. ‘ಹೀ ಇಗ್ನೋರ್ಡ್ ಟು ಕಮ್’ ಕೂಡ ತಪ್ಪು. ‘ಹೀ ಡಿಡಂಟ್ ಕಮ್’ ಎಂದರೆ ಸಾಕು.

ಮೂರನೇ ಹೆಜ್ಜೆ: ಅಕ್ಕಪಕ್ಕದ ಶಬ್ದಗಳನ್ನು ಬೇರೆ ಮಾಡಿ

ಇಗ್ನೋರ್‌ಗೂ ‘ನಿರ್ಲಕ್ಷಿಸು’, ನೆಗ್ಲೆಕ್ಟ್‌ಗೂ ‘ನಿರ್ಲಕ್ಷಿಸು’ ಎಂದು ಕಲಿತುಬಿಡುತ್ತೇವೆ. ಎರಡೂ ಒಂದೇ ಅನ್ನಿಸುವುದು ಸಹಜ. ಫರಕು ತಿಳಿಯಲು ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಹೋಗೋಣ. ಎಲೆ ಮೇಲೆ ಡೌನಿ ರೋಗದ ಚುಕ್ಕೆ ಬಂದಿದೆ. ರೈತ ಅದನ್ನು ನೋಡಿದ, ‘ಇರ್ಲಿ ಬಿಡು’ ಎಂದು ಔಷಧಿ ಹೊಡೆಯದೆ ಹೋದ. ಇದು ಇಗ್ನೋರ್: ‘ಹೀ ಇಗ್ನೋರ್ಡ್ ದ ಸ್ಪಾಟ್ಸ್’. ಇನ್ನೊಬ್ಬ ತೋಟದ ಕಡೆ ತಿಂಗಳುಗಟ್ಟಲೆ ಹಾಯಲೇ ಇಲ್ಲ. ನೀರಿಲ್ಲ, ಗೊಬ್ಬರ ಇಲ್ಲ, ಚಾಟನಿ (ಬಳ್ಳಿ ಸವರುವುದು) ಆಗಿಲ್ಲ. ಇದು ನೆಗ್ಲೆಕ್ಟ್: ‘ಹೀ ನೆಗ್ಲೆಕ್ಟೆಡ್ ಹಿಸ್ ವಿನ್‌ಯಾರ್ಡ್’. ನೋಡಿಕೊಳ್ಳಬೇಕಾದ ಜವಾಬ್ದಾರಿ ಬಿಟ್ಟರೆ ನೆಗ್ಲೆಕ್ಟ್. ಎದುರಿಗೆ ಕಂಡದ್ದನ್ನು ಬದಿಗೆ ಸರಿಸಿದರೆ ಇಗ್ನೋರ್.

ಓವರ್‌ಲುಕ್ ಅಂದರೆ ಕಣ್ತಪ್ಪಿ ಬಿಟ್ಟುಹೋಗುವುದು. ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿತ್ತು ಎಂದು ಮೇಲಿನವರಿಗೆ ಹೇಳಬೇಕಿದ್ದರೆ ‘ಐ ಓವರ್‌ಲುಕ್ಡ್ ಇಟ್’ ಅನ್ನಿ. ಯಾರದೋ ತಪ್ಪನ್ನು ದೊಡ್ಡ ಮನಸ್ಸು ಮಾಡಿ ಬಿಡುವುದಕ್ಕೂ ಇದೇ ಶಬ್ದ. ‘ದ ರೂಮ್ ಓವರ್‌ಲುಕ್ಸ್ ಗೋಳಗುಮ್ಮಟ’ ಅಂದರೆ ಮಾತ್ರ ಬೇರೆ ಅರ್ಥ: ಆ ಕೋಣೆಯಿಂದ ಗೋಳಗುಮ್ಮಟ ಕಾಣುತ್ತದೆ. ಅವಾಯ್ಡ್ ಅಂದರೆ ಎದುರಾಗದಂತೆ ತಪ್ಪಿಸಿಕೊಳ್ಳುವುದು. ಸಾಲ ಕೊಟ್ಟವರನ್ನು ಕಂಡು ಗಲ್ಲಿ ಬದಲಿಸುವುದು ಅವಾಯ್ಡ್.

ನಾಲ್ಕನೇ ಹೆಜ್ಜೆ: ‘ಇಗ್ನೊರಂಟ್’ ವಿಷಯದಲ್ಲಿ ಹುಷಾರ್

ಕ್ರಿಯಾಪದದ ಅರ್ಥ ಬದಲಾಯಿತು, ಅದರ ಬಳಗದ್ದು ಬದಲಾಗಲಿಲ್ಲ. ಇಗ್ನೊರಂಟ್ ಅಂದರೆ ಲಕ್ಷ್ಯ ಕೊಡದವನಲ್ಲ, ತಿಳಿವಳಿಕೆ ಇಲ್ಲದವನು. ‘ಮೈ ಬಾಸ್ ಈಸ್ ಇಗ್ನೊರಂಟ್’ ಅಂದರೆ ಬಾಸ್‌ಗೆ ದಡ್ಡ ಅಂದಂತೆ. ಕಾನೂನಿನ ಇಗ್ನೊರನ್ಸ್ ನೆಪವಾಗದು ಎಂಬ ಮಾತಿನಲ್ಲೂ ಅರ್ಥ ಅದೇ: ಕಾನೂನು ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಲಕ್ಷ್ಯ ಕೊಡದಿರುವ ಕ್ರಿಯೆಯನ್ನೇ ಹೇಳಬೇಕಿದ್ದರೆ ‘ಇಗ್ನೋರಿಂಗ್’ ಬಳಸಿ. ಉಚ್ಚಾರದಲ್ಲೂ ಕಿವಿ ಇರಲಿ: ಇಗ್ನೋರ್‌ನಲ್ಲಿ ಒತ್ತು ‘ನೋರ್’ ಮೇಲೆ, ಇಗ್ನೊರಂಟ್‌ನಲ್ಲಿ ಮೊದಲ ‘ಇಗ್’ ಮೇಲೆ.

ಐದನೇ ಹೆಜ್ಜೆ: ಪತ್ರದಲ್ಲಿ ತೂಕ ನೋಡಿ ಬಳಸಿ

ತಪ್ಪು ಮೇಲ್ ಹೋಗಿದ್ದರೆ ಗೆಳೆಯರಿಗೆ ‘ಪ್ಲೀಸ್ ಇಗ್ನೋರ್ ಮೈ ಲಾಸ್ಟ್ ಮೇಲ್’ ಸಾಕು. ಆಫೀಸಿನ ಹಿರಿಯರಿಗೆ ‘ಪ್ಲೀಸ್ ಡಿಸ್‌ರಿಗಾರ್ಡ್’ ಹೆಚ್ಚು ಒಪ್ಪುತ್ತದೆ. ಅರ್ಥ ಸುಮಾರು ಒಂದೇ, ಧಾಟಿ ಗಂಭೀರ.

ಇನ್ನು ದೂರು ಅರ್ಜಿ. ನೀರಿನ ನಳ, ಬೀದಿದೀಪ, ಪಹಣಿಯ ತಿದ್ದುಪಡಿ, ಏನೇ ಇರಲಿ. ಮೊದಲ ಪತ್ರದಲ್ಲೇ ‘ಯು ಇಗ್ನೋರ್ಡ್ ಮೈ ಅಪ್ಲಿಕೇಶನ್’ ಎಂದು ಬರೆಯಬೇಡಿ. ‘ನೀವು ಬೇಕಂತಲೇ ಮೂಲೆಗೆ ಹಾಕಿದಿರಿ’ ಎಂಬ ಆರೋಪ ಅದು. ಓದುವ ಅಧಿಕಾರಿಗೆ ಅರ್ಜಿ ಮುಟ್ಟದೆಯೂ ಇರಬಹುದು. ‘ಐ ಹ್ಯಾವ್ ನಾಟ್ ರಿಸೀವ್ಡ್ ಎ ರಿಪ್ಲೈ’ ಎಂದು ಶುರು ಮಾಡಿ. ಇದರಲ್ಲಿ ಜಗಳ ಇಲ್ಲ, ಸತ್ಯ ಇದೆ.

ಕೊಟ್ಟ ಅರ್ಜಿಗಳಿಗೆಲ್ಲ ಸ್ವೀಕೃತಿ ಚೀಟಿ ನಿಮ್ಮ ಕೈಯಲ್ಲಿದ್ದೂ ಉತ್ತರ ಬಾರದಿದ್ದರೆ ಆಗ ಧೈರ್ಯವಾಗಿ ಬರೆಯಿರಿ: ‘ಮೈ ಅಪ್ಲಿಕೇಶನ್ಸ್ ಹ್ಯಾವ್ ಬೀನ್ ಇಗ್ನೋರ್ಡ್’. ಯಾರ ಹೆಸರೂ ಹಿಡಿಯದ ವಾಕ್ಯ ಇದು, ಆದರೂ ಗಟ್ಟಿ. ಅರ್ಜಿ ಮುಟ್ಟಿತ್ತು ಅನ್ನಲು ಸಾಕ್ಷಿ ಇರುವುದರಿಂದ ಈಗ ಆ ಶಬ್ದ ಬಳಸುವ ಹಕ್ಕು ನಿಮಗಿದೆ. ವಾಕ್ಯದ ಕೆಳಗೆ ಪ್ರತಿ ಅರ್ಜಿಯ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಬರೆದು, ಚೀಟಿಗಳ ಝೆರಾಕ್ಸ್ ಲಗತ್ತಿಸಿ.