ಐದು ರಾತ್ರಿ, ಒಂದೇ ಊರು: ರೋಮ್‌ನಲ್ಲಿ ನಮಗೆ ಕೈಹಿಡಿದ ಕ್ರಮ

“ಇಷ್ಟು ದುಡ್ಡು ಖರ್ಚು ಮಾಡಿ ಹೋಗಿ ಒಂದೇ ಊರು ನೋಡಿಕೊಂಡು ಬರುತ್ತೀರಾ?” ಎಂದು ನಮ್ಮ ಭಾವನವರು ಕೇಳಿದ್ದರು. ಅದೇ ಹಣಕ್ಕೆ ಐದು ದೇಶ ತೋರಿಸುವವರಿದ್ದಾರೆ ಎಂಬುದು ಅವರ ವಾದ. 2024ರ ಮಾರ್ಚ್ ಮೊದಲ ವಾರದಲ್ಲಿ ನಾನೂ ನನ್ನ ಪತ್ನಿಯೂ ರೋಮ್‌ನಲ್ಲಿ ಐದು ರಾತ್ರಿ ಉಳಿದು ಬಂದೆವು. ಬೆಳಿಗ್ಗೆ ಒಂದೇ ಒಂದು ದೊಡ್ಡ ಜಾಗ, ಮಧ್ಯಾಹ್ನ ಮನೆಗೆ ಮರಳಿ ಊಟ, ಒಂದು ಗಂಟೆ ನಿದ್ದೆ, ಸಂಜೆ ಒಂದು ಚರ್ಚು ಮತ್ತು ಸುಮ್ಮನೆ ನಡಿಗೆ, ಇಷ್ಟೇ ನಮ್ಮ ಕ್ರಮ. ಅದು ಕೈಹಿಡಿಯಿತು ಎಂದು ಈಗ ಧೈರ್ಯವಾಗಿ ಬರೆಯಬಲ್ಲೆ.

ಇದಕ್ಕೆ ಮೊದಲು ಎರಡು ಬಾರಿ ಸೋತಿದ್ದೆವು. ಮೊದಲನೆಯದು ಹತ್ತು ದಿನಗಳ ಬಸ್ ಪ್ರವಾಸ. ಇಬ್ಬರಿಗೆ ಮೂರು ಲಕ್ಷದ ಮೇಲೆ ಇಪ್ಪತ್ತು ಸಾವಿರ ತೆತ್ತು ಇದೇ ರೋಮ್ ಅನ್ನು ಆರು ಗಂಟೆಯಲ್ಲಿ ನೋಡಿ ಮುಗಿಸಿದ್ದೆವು, ಪ್ರಾಚೀನ ರೋಮನ್ನರ ಬಯಲು ಕ್ರೀಡಾಂಗಣ ಕೊಲೊಸಿಯಮ್‌ನ ಒಳಗೆ ಕಾಲಿಡಲೂ ಆಗಿರಲಿಲ್ಲ. ಎರಡನೆಯದು ನಾವೇ ಏರ್ಪಾಡು ಮಾಡಿಕೊಂಡ ಪ್ಯಾರಿಸ್. ಮೂರು ದಿನಕ್ಕೆ ಹದಿನಾಲ್ಕು ಜಾಗಗಳ ಪಟ್ಟಿ ಮಾಡಿದ್ದೆ. ಎರಡನೆಯ ಸಂಜೆಗೆ ಪತ್ನಿಯ ಮಂಡಿ ಊದಿಕೊಂಡು, ಮೂರನೆಯ ದಿನವಿಡೀ ಹೋಟೆಲಿನಲ್ಲೇ ಕಳೆದು, ಮುಂಗಡ ಕೊಂಡಿದ್ದ ಒಂಬತ್ತು ಸಾವಿರ ರೂಪಾಯಿಯಷ್ಟರ ಟಿಕೆಟ್‌ಗಳು ವ್ಯರ್ಥವಾದವು. ತಪ್ಪು ಊರಿನದಲ್ಲ, ನನ್ನ ಪಟ್ಟಿಯದು ಎಂದು ತಿಳಿಯಲು ಅಷ್ಟು ಖರ್ಚಾಯಿತು.

ವೀಸಾ, ವಿಮೆಗಳ ಕ್ರಮವನ್ನು ಇಲ್ಲಿ ಬಿಟ್ಟು ನೇರವಾಗಿ ವಾಸ್ತವ್ಯದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಊರಿನ ಮುಖ್ಯ ರೈಲು ನಿಲ್ದಾಣವಾದ ಟೆರ್ಮಿನಿಯ ಸುತ್ತ ಕೋಣೆ ಹುಡುಕಿದರೆ ನಾನು ಟೆಸ್ಟಾಚ್ಚೊ ಬಡಾವಣೆಯಲ್ಲಿ ಅಡುಗೆಮನೆಯಿರುವ ಸಣ್ಣ ಮನೆ ಹಿಡಿದೆ. ವಿಮಾನ ನಿಲ್ದಾಣದಿಂದ ಟೆರ್ಮಿನಿಗೆ ಹೋಗುವ ನೇರ ರೈಲಿಗೆ ತಲಾ 14 ಯೂರೊ. ನಮ್ಮ ಬಡಾವಣೆಯ ಬಳಿಯ ಒಸ್ತಿಯೆನ್ಸೆ ನಿಲ್ದಾಣದಲ್ಲಿ ಇಳಿಸುವ ಸಾಮಾನ್ಯ ರೈಲಿಗೆ 8 ಯೂರೊ, ಅಲ್ಲಿಂದ ಮನೆಗೆ ನಡಿಗೆಯ ದೂರ. ಪಕ್ಕದ ಪಿರಮಿದೆ ಮೆಟ್ರೊ ನಿಲ್ದಾಣದಿಂದ ಕೊಲೊಸಿಯಮ್ ಎರಡೇ ನಿಲ್ದಾಣ. ಬೆಟ್ಟಗುಡ್ಡಗಳ ಆ ಊರಿನಲ್ಲಿ ಈ ಬಡಾವಣೆಯ ಬೀದಿಗಳು ಬಹುಮಟ್ಟಿಗೆ ಸಮತಟ್ಟಾಗಿರುವುದು ಮಂಡಿ ನೋವಿನವರಿಗೆ ದೊಡ್ಡ ಉಪಕಾರ. ಬೀದಿಯ ಹೆಸರನ್ನು ಮಾತ್ರ ನಾನು ಬರೆಯುವುದಿಲ್ಲ, ಆ ಮನೆ ನಮಗೆ ಇನ್ನೊಮ್ಮೆ ಬೇಕು.

ಮೊದಲ ಬೆಳಿಗ್ಗೆ ಏಳು ಗಂಟೆಗೆ, ಬಾಗಿಲು ತೆರೆಯುವ ಹೊತ್ತಿಗೆ, ವ್ಯಾಟಿಕನ್‌ನ ದೊಡ್ಡ ಚರ್ಚು, ಸಂತ ಪೀಟರನ ಬೆಸಿಲಿಕಾದಲ್ಲಿದ್ದೆವು. ಪ್ರವೇಶ ಉಚಿತ, ತಪಾಸಣೆಯ ಸಾಲಿನಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ. ಬಲಗಡೆಯ ಮೊದಲ ಗೂಡಿನಲ್ಲಿ ಮೈಕೆಲ್ಯಾಂಜೆಲೊ ತನ್ನ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ ಕಡೆದ ‘ಪಿಯೆಟಾ’, ಅಂದರೆ ಸತ್ತ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಮರಿಯಳ ಶಿಲ್ಪ, ಇದೆ. 1972ರಲ್ಲಿ ಒಬ್ಬಾತ ಸುತ್ತಿಗೆಯಿಂದ ಹೊಡೆದ ಮೇಲೆ ಅದರ ಮುಂದೆ ಗಾಜು ಬಂದಿದೆ. ಆ ಗಾಜಿನೆದುರು ಇಪ್ಪತ್ತು ನಿಮಿಷ ನಾವಿಬ್ಬರೇ ನಿಂತಿದ್ದೆವು. ಒಂಬತ್ತರ ಹೊತ್ತಿಗೆ ಹೊರಬಂದಾಗ ಸಾಲು ಚೌಕದ ಕಂಬಗಳನ್ನು ಬಳಸಿಕೊಂಡು ಬೆಳೆದಿತ್ತು. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಹೋಗಲಿಲ್ಲ. ಅದನ್ನು ಬಿಟ್ಟದ್ದಕ್ಕೆ ಇಂದಿಗೂ ಜನ ಆಕ್ಷೇಪಿಸುತ್ತಾರೆ, ನಮಗೆ ವ್ಯಥೆಯಿಲ್ಲ.

ಎರಡನೆಯ ದಿನ ನಾನೇ ಕ್ರಮ ತಪ್ಪಿದೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆಲ್ಲ ಉಚಿತ ಪ್ರವೇಶ. ಕೊಲೊಸಿಯಮ್‌ಗೆ ತಲಾ 18 ಯೂರೊ ಉಳಿಯುತ್ತದೆಂಬ ಆಸೆಗೆ ಒಂಬತ್ತೂವರೆಗೆ ಹೋಗಿ ಎರಡು ಗಂಟೆ ಸಾಲಿನಲ್ಲಿ ನಿಂತು, ಬಾಗಿಲು ಕಾಣದೆ ಹಿಂದಿರುಗಿದೆವು. ಮಂಗಳವಾರ ದುಡ್ಡು ಕೊಟ್ಟು ಎಂಟೂವರೆಯ ಮೊದಲ ಪಾಳಿಗೆ ಹೋದಾಗ ಕಾಲು ಗಂಟೆಯಲ್ಲಿ ಒಳಗಿದ್ದೆವು. ಉಚಿತವೆಂಬುದು ನಮ್ಮ ಒಂದು ಬೆಳಗನ್ನು ತಿಂದಿತು.

ಅಡುಗೆಯ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾರಿನ ಪುಡಿ, ಚಟ್ನಿಪುಡಿ, ತೊಗರಿಬೇಳೆ ಒಯ್ದಿದ್ದೆವು. ಮೊದಲ ದಿನ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿದರೂ ಬೇಳೆ ಕರಗಲಿಲ್ಲ. ಸುಣ್ಣದಂಶ ಹೆಚ್ಚಿರುವ ರೋಮ್‌ನ ಗಡಸು ನೀರಿನಲ್ಲಿ, ಅದೂ ಕುಕ್ಕರ್ ಇಲ್ಲದೆ, ತೊಗರಿಬೇಳೆ ಸುಲಭಕ್ಕೆ ಬೇಯುವುದಿಲ್ಲ. ಟೆರ್ಮಿನಿಗೆ ಒಂದು ನಿಲ್ದಾಣದಾಚೆಯ ಪಿಯಾಟ್ಸಾ ವಿಟ್ಟೋರಿಯೊ ಚೌಕದ ಸುತ್ತ ಬಾಂಗ್ಲಾದೇಶದವರ, ಭಾರತೀಯರ ದಿನಸಿ ಅಂಗಡಿಗಳಿವೆ. ಅಲ್ಲಿ ಹೆಸರುಬೇಳೆ, ಹಸಿಮೆಣಸಿನಕಾಯಿ, ಕರಿಬೇವು ಎಲ್ಲವೂ ಸಿಕ್ಕಿ, ಹೆಸರುಬೇಳೆ ಅರ್ಧ ಗಂಟೆಯಲ್ಲಿ ಮೆತ್ತಗಾಯಿತು. ಇಟಲಿಯವರು ರಿಸೊಟ್ಟೊ ಎಂಬ ತಮ್ಮ ಅನ್ನದ ತಿನಿಸಿಗೆ ಬಳಸುವ ಗುಂಡು ಅಕ್ಕಿಯಲ್ಲಿ ಪತ್ನಿ ಮಾಡಿದ ಮೊಸರನ್ನ ನಮ್ಮೂರಿನ ಅಕ್ಕಿಯದಕ್ಕಿಂತ ನುಣುಪಾಗಿತ್ತೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಾಲು ಎಷ್ಟು, ಯಾವಾಗ ಹಾಕಬೇಕೆಂಬುದು ಪತ್ನಿಯ ಗುಟ್ಟು. ಹೊರಗೆ ಕಾಫಿ ಕುಡಿಯುವವರು ಕೌಂಟರಿನಲ್ಲಿ ನಿಂತೇ ಕುಡಿಯಿರಿ: ನಿಂತರೆ ಒಂದೂಕಾಲು ಯೂರೊ ಇದ್ದದ್ದು, ಪ್ರಸಿದ್ಧ ಚೌಕವೊಂದರ ಮೇಜಿನಲ್ಲಿ ಕುಳಿತದ್ದಕ್ಕೆ ಆರು ಯೂರೊ ಆಯಿತು. ನೀರನ್ನಂತೂ ಕೊಳ್ಳಲೇಬೇಡಿ, ಬೀದಿಬೀದಿಯಲ್ಲಿರುವ ‘ನಸೋನಿ’ ನಲ್ಲಿಗಳ ನೀರು ತಣ್ಣಗಿದೆ, ಉಚಿತವಾಗಿದೆ.

ಸಂಜೆಗಳನ್ನು ಚಿತ್ರಕಾರ ಕಾರವಾಜೊಗೆ ಮೀಸಲಿಟ್ಟೆವು. ಮೂರು ಚರ್ಚುಗಳಲ್ಲಿ ಅವನ ಆರು ಚಿತ್ರಗಳು ಟಿಕೆಟ್ ಇಲ್ಲದೆ ನೋಡಲು ಸಿಗುತ್ತವೆ: ಸಾನ್ ಲುಯಿಜಿ ದೆಯ್ ಫ್ರಾಂಚೇಸಿಯಲ್ಲಿ ಮೂರು, ಸಾಂತಾ ಮರಿಯಾ ದೆಲ್ ಪೋಪೊಲೊದಲ್ಲಿ ಎರಡು, ಸಾಂತಗೊಸ್ತಿನೊದಲ್ಲಿ ಒಂದು. ಮಬ್ಬುಗತ್ತಲಲ್ಲಿ ನಾಣ್ಯ ಹಾಕಿದರೆ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ಆರುತ್ತದೆ. ಹಾಗಾಗಿ ಚಿಲ್ಲರೆ ಕೂಡಿಟ್ಟುಕೊಳ್ಳಿ. ಕೊನೆಯ ಚಿತ್ರದಲ್ಲಿ ಮಾತೆ ಮರಿಯಳ ಮುಂದೆ ಮಂಡಿಯೂರಿದ ಯಾತ್ರಿಕನ ಕೊಳೆಯಾದ ಅಂಗಾಲು ನೋಡುವವರ ಕಣ್ಣಿಗೇ ಎದುರಾಗುತ್ತದೆ. ಪತ್ನಿ ಅದಕ್ಕೆಂದೇ ಮತ್ತೆ ನಾಣ್ಯ ಹಾಕಿದರು.

ಮಧ್ಯಾಹ್ನದ ನಿದ್ದೆಯನ್ನು ಒಂದೇ ಬಾರಿ ಬಿಟ್ಟೆವು. ಸೋಮವಾರ ಮಳೆ ಹಿಡಿದದ್ದೇ ಪ್ರಾಚೀನ ರೋಮನ್ನರ ಗುಮ್ಮಟದ ದೇಗುಲ ಪ್ಯಾಂಥಿಯನ್‌ಗೆ ಓಡಿದೆವು. ಆ ಗುಮ್ಮಟದ ಅಗಲ 43 ಮೀಟರ್, ನೆಲದಿಂದ ಅದರ ನೆತ್ತಿಗೆ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ಒಂಬತ್ತು ಮೀಟರಿನಷ್ಟು ಅಗಲದ ತೆರೆದ ಕಂಡಿ. ಮಳೆ ಅದರೊಳಗಿಂದ ಒಂದೇ ಕಂಬದಂತೆ ಇಳಿದು, ತುಸು ಉಬ್ಬಿದ ಅಮೃತಶಿಲೆಯ ನೆಲದ ಮೇಲೆ ಹರಡಿ, ಸಣ್ಣ ರಂಧ್ರಗಳಲ್ಲಿ ಇಂಗಿಹೋಗುತ್ತಿತ್ತು. ತಲಾ 5 ಯೂರೊಗೆ ಮುಕ್ಕಾಲು ಗಂಟೆ ಅಲ್ಲೇ ನಿಂತೆವು.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ: ಬೆಂಗಳೂರಿನಿಂದ ವಿಮಾನ ಇಬ್ಬರಿಗೆ 1,08,000 ರೂಪಾಯಿಯ ಆಸುಪಾಸು, ವೀಸಾ ಮತ್ತು ವಿಮೆ 22,000, ಮನೆ ಬಾಡಿಗೆ ನಗರ ತೆರಿಗೆ ಸೇರಿ 490 ಯೂರೊ, ಊಟ 110, ಓಡಾಟ ಮತ್ತು ಟಿಕೆಟ್ 120. ಆಗ ಯೂರೊಗೆ ತೊಂಬತ್ತು ರೂಪಾಯಿಯಷ್ಟಿತ್ತು, ಒಟ್ಟು ಎರಡು ಲಕ್ಷದೊಳಗೆ ಮುಗಿಯಿತು. ಮಂಡಿ ಊದಲಿಲ್ಲ. ಭಾವನವರು ಮೊನ್ನೆ ಬಂದು ಈ ಲೆಕ್ಕವನ್ನು ಬರೆದುಕೊಂಡು ಹೋದರು. ನಾವು ಮುಂದಿನ ಬಾರಿ ವಿಯೆನ್ನಾಗೆ ಹೊರಡುವವರಿದ್ದೇವೆ, ಎರಡು ಲೀಟರಿನ ಕುಕ್ಕರನ್ನು ಈಗಲೇ ಕೊಂಡಿಟ್ಟಾಗಿದೆ.